ಮುಖ ಹುಡುಕುತ್ತಿದ್ದ ಮೇಡಂ

ಮೇಡಂ ತೀರಿಕೊಂಡ ಸುದ್ದಿ ನಮ್ಮ ಹಳೇ ಸ್ಟುಡಿಯೋದವರ ಗ್ರೂಪಿನಲ್ಲಿ ಬಂದಾಗ ನಾನು ವಿಜಯನಗರ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದೆ. ಸುದ್ದಿಯ ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳು. ಅವುಗಳ ಮಧ್ಯೆ ನಮ್ಮ ಹಳೇ ಓನರು ಒಂದು ವಾಕ್ಯ ಬರೆದಿದ್ದರು: ತುಂಬಾ ಮೃದು ಸ್ವಭಾವದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಮೃದುವಂತೆ! ಇದೇ ಮಹಾಶಯರು ಆ ಹೆಂಗಸಿನ ಎದುರು ಕೂತು ವಾದ ಮಾಡಲಾಗದೆ ಎಷ್ಟು ಸಲ ಕೆಳಗಿನ ಬೇಕರಿಗೆ ಇಳಿದು ಎರಡೆರಡು ಟೀ ಕುಡಿದು ಬಂದಿದ್ದಾರೆಂದು ಕಣ್ಣಾರೆ ಕಂಡವಳು ನಾನು. ನಮ್ಮಲ್ಲಿ ಸತ್ತ ಮೇಲೆ ಎಲ್ಲ ಹೆಂಗಸರೂ ಮೃದುವಾಗಿಬಿಡುತ್ತಾರೆ.

ಅವರ ಹೆಸರು ಬರೆಯುವುದಿಲ್ಲ. ನಾನು ಹೇಳಹೊರಟಿರುವ ಸಂಗತಿ ಅವರ ಮನೆಯವರಿಗೆ ಗೊತ್ತಿಲ್ಲ. ಅವರು ಇದ್ದಷ್ಟು ದಿನ ನಾನೂ ಅವರನ್ನು ಮೇಡಂ ಅಂತಲೇ ಕರೆದದ್ದು, ಇಲ್ಲಿಯೂ ಹಾಗೇ ಇರಲಿ.

ಆರ್‌ಪಿಸಿ ಲೇಔಟಿನ ಒಂದು ಮನೆಯ ಮೊದಲ ಮಹಡಿಯಲ್ಲಿ ನಮ್ಮ ಎಡಿಟಿಂಗ್ ಸ್ಟುಡಿಯೋ ಇತ್ತು. ಮಲಗುವ ಕೋಣೆಯಲ್ಲಿ ಕಂಪ್ಯೂಟರುಗಳು, ಅಡುಗೆಮನೆಯ ಕಟ್ಟೆಯ ಮೇಲೆ ಗ್ಯಾಸ್ ಒಲೆ ಇರಬೇಕಾದ ಜಾಗದಲ್ಲಿ ಹಾರ್ಡ್‌ಡಿಸ್ಕುಗಳು. ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೇರಿದಾಗ ಮೇಡಮ್ಮಿಗೆ ಆಗಲೇ ಐವತ್ತು ದಾಟಿತ್ತು. ಹೊಸಹಳ್ಳಿಯಿಂದ ನಡೆದೇ ಬರುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು, ಸೀರೆಯ ಮೇಲೆ ಕಂದು ಸ್ವೆಟರ್ ಹಾಕಿಕೊಂಡು, ಏಸಿ ಹಾಕಿದವರಿಗೆ ಶಾಪ ಹಾಕುತ್ತ ಕೂರುತ್ತಿದ್ದರು. ಕ್ಯಾಸೆಟ್ಟಿನ ಕಾಲದಿಂದ ಮದುವೆ ವೀಡಿಯೋ ಎಡಿಟ್ ಮಾಡಿದವರು. ಹೆಬ್ಬೆರಳಿನಿಂದ ಕೀಬೋರ್ಡನ್ನು ಎಷ್ಟು ಜೋರಾಗಿ ಕುಟ್ಟುತ್ತಿದ್ದರೆಂದರೆ ವರ್ಷಕ್ಕೆರಡು ಕೀಬೋರ್ಡು ಹಾಳಾಗುತ್ತಿದ್ದವು.

ಅವರಿಗೆ ಪರದೆಯ ಜೊತೆ ಮಾತಾಡುವ ಚಾಳಿ. ಮಾತೇನಿದ್ದರೂ ಶೂಟಿಂಗ್ ಮಾಡಿದ ಕ್ಯಾಮೆರಾಮನ್ ಜೊತೆ. ಅವನು ಎಲ್ಲೋ ಮಾಗಡಿ ರೋಡಿನಲ್ಲಿ ಊಟ ಮಾಡುತ್ತಿರುತ್ತಿದ್ದ, ಇವರು ಇಲ್ಲಿ ಕೂತು ಅವನಿಗೆ ಬೈಯುತ್ತಿದ್ದರು. ಮದುವೆ ಮನೆಯಲ್ಲಿ ಅವನು ವಧುವಿನ ಒಡವೆಯ ಮೇಲೇ ಕ್ಯಾಮೆರಾ ನಿಲ್ಲಿಸಿಬಿಟ್ಟರೆ, "ಎತ್ತಪ್ಪ, ಮೇಲೆ ಎತ್ತು, ಮುಖ ಅಲ್ಲಿದೆ" ಎನ್ನುತ್ತಿದ್ದರು. ಮೊದಲ ವಾರ ನನಗೆ ಇವರಿಗೆ ತಲೆ ಸರಿ ಇಲ್ಲವೇನೋ ಅನ್ನಿಸಿತ್ತು.

ಮದುವೆ ವೀಡಿಯೋ ನೋಡುವವರು ಗಂಡು ಹೆಣ್ಣನ್ನು ನೋಡುವುದಿಲ್ಲ, ಮೊದಲು ತಮ್ಮ ಮುಖ ಹುಡುಕುತ್ತಾರೆ ಎಂದು ಅವರು ಹೇಳುತ್ತಿದ್ದರು. ಆ ಮಾತನ್ನು ಅವರು ಹಿಡಿದ ಹಿಡಿತ ನೋಡಬೇಕು. ಮನೆಯ ಪ್ರತಿಯೊಬ್ಬ ಹೆಂಗಸೂ ವೀಡಿಯೋದಲ್ಲಿ ಒಂದು ಸಲವಾದರೂ ಸರಿಯಾಗಿ ಕಾಣಬೇಕು. ಒಂದು ಮದುವೆಯಲ್ಲಿ ಹುಡುಗಿಯ ಚಿಕ್ಕಮ್ಮ ಎಲ್ಲಿಯೂ ಇರಲಿಲ್ಲ. ಎರಡು ದಿನ ಕಾಫಿ, ಹೂವು, ತಾಂಬೂಲ ಅಂತ ಓಡಾಡಿದಾಕೆ, ಕ್ಯಾಮೆರಾ ಕಣ್ಣಿಗೆ ಬಿದ್ದಿರಲಿಲ್ಲ. ಮೇಡಂ ಮಧ್ಯಾಹ್ನವೆಲ್ಲ ಕೂತು ಹುಡುಕಿ, ಧಾರೆಯ ಹೊತ್ತಿಗೆ ಕಂಬದ ಪಕ್ಕ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ ಆ ಚಿಕ್ಕಮ್ಮನನ್ನು ಹಿಡಿದರು. ಅದನ್ನು ದೊಡ್ಡದು ಮಾಡಿ ಧಾರೆಯ ಮಧ್ಯೆ ಸೇರಿಸಿದರು. ಚಿತ್ರ ಮಸುಕಾಗಿತ್ತು, ಓನರು ಗೊಣಗಿದರು. ಮಸುಕಾದರೂ ಅವಳೇ ತಾನೇ, ಅಂದುಬಿಟ್ಟರು ಮೇಡಂ.

ಇನ್ನೊಂದು ಅಭ್ಯಾಸವಿತ್ತು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮದುವೆಯಾಗಿ ತಿಂಗಳೊಳಗೆ ಮನೆಗಳಲ್ಲಿ ಜಗಳ ಬೀಳುತ್ತದೆ. ಆಮೇಲೆ ಫೋನ್ ಬರುತ್ತದೆ, ನಮ್ಮ ಭಾವನ ಕಡೆಯವರನ್ನೆಲ್ಲ ವೀಡಿಯೋದಿಂದ ತೆಗೀರಿ ಅಂತ. ಮೇಡಂ ತೆಗೆಯುತ್ತಿದ್ದರು, ಆದರೆ ಅಳಿಸುತ್ತಿರಲಿಲ್ಲ. 'ಪಕ್ಕಕ್ಕೆ' ಎಂದು ಹೆಸರಿಟ್ಟ ಒಂದು ಫೋಲ್ಡರಿಗೆ ಹಾಕಿಡುತ್ತಿದ್ದರು. ಯಾಕೆಂದರೆ ಆರು ತಿಂಗಳಲ್ಲಿ ಸೀಮಂತಕ್ಕೆ ಎಲ್ಲರೂ ಒಂದಾಗುತ್ತಾರೆ, ಮತ್ತೆ ಫೋನ್ ಬರುತ್ತದೆ, ಭಾವನನ್ನು ಹಾಕಿಕೊಡಿ ಅಂತ. ತೆಗೆದದ್ದು ಯಾವುದನ್ನೂ ಅಳಿಸಬಾರದು ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ.

ಹೀಗೆ ಇದ್ದ ಕೋಣೆಗೆ ಆಲ್ಬಂ ಸಾಂಗುಗಳು ಬಂದವು. ಮದುವೆಗೆ ಸೀಸನ್ ಇದೆ, ಇವಕ್ಕೆ ಇಲ್ಲ. ಹಾಡು ಹಾಡುವ ಹುಡುಗರು, ಬಾಡಿಗೆ ಕಾರು, ಬಾಡಿಗೆ ಕನ್ನಡಕ, ಹಿಂದೆ ನಾಲ್ಕು ಹುಡುಗಿಯರು. ನಾಲ್ಕು ನಿಮಿಷದ ಹಾಡು, ಆನ್‌ಲೈನ್‌ನಲ್ಲಿ ಹಾಕಿದರೆ ಆಯಿತು. ಮೊದಲನೆಯದರ ಶಾಟುಗಳನ್ನು ವಿಂಗಡಿಸುವ ಕೆಲಸ ನನ್ನದು. ಹಾಡುಗಾರನ ಶಾಟುಗಳಿಗೆ ಅವನ ಹೆಸರು ಕೊಟ್ಟೆ. ಹುಡುಗಿಯರದ್ದಕ್ಕೆ ಸೊಂಟ ಒಂದು, ಸೊಂಟ ಎರಡು, ಕಾಲು, ಬೆನ್ನು, ತುಟಿ ಎಂದು ಬರೆದೆ. ನನಗೇನೂ ಅನ್ನಿಸಲಿಲ್ಲ, ಅದರಲ್ಲಿ ಇದ್ದದ್ದೇ ಅದು. ಮೇಡಂ ಪಟ್ಟಿ ನೋಡಿ ಕನ್ನಡಕ ತೆಗೆದರು. "ಇದೇನೇ, ಮಟನ್ ಅಂಗಡೀನಾ?" ಅಂದರು.

ಹುಡುಗಿಯರ ಹೆಸರು ಹಾಕಿ ಮತ್ತೆ ಬರಿ ಎಂದರು. ಹೆಸರು ಯಾರಿಗೆ ಗೊತ್ತು? ಡ್ಯಾನ್ಸರುಗಳನ್ನು ಕಳಿಸುವ ಕೋಆರ್ಡಿನೇಟರಿಗೆ ಫೋನ್ ಮಾಡಿಸಿದರು. ಅವನಿಗೂ ಗೊತ್ತಿಲ್ಲ, ಬ್ಲೂ ಡ್ರೆಸ್ಸಾ ರೆಡ್ ಡ್ರೆಸ್ಸಾ ಹೇಳಿ ಮೇಡಂ ಅಂದ. ಅವತ್ತು ಊಟ ಬಿಟ್ಟು ಒಬ್ಬೊಬ್ಬರ ನಂಬರು ಹುಡುಕಿ ಹೆಸರು ಕೇಳಿದೆವು. ಒಬ್ಬಳಂತೂ ಯಾಕೆ ಕೇಳ್ತಿದೀರಾ, ಏನಾದ್ರೂ ತಪ್ಪಾಯ್ತಾ ಎಂದು ಗಾಬರಿಯಾದಳು. ಹಸಿವಿನಲ್ಲಿ ನನಗೆ ಮೇಡಂ ಮೇಲೆ ವಿಪರೀತ ಕೋಪ ಬಂದಿತ್ತು. ಹೆಸರು ಬರೆದರೆ ಶಾಟ್ ಬದಲಾಗುತ್ತದೆಯೇ?

ಅವರೇನು ದೊಡ್ಡ ವಿಚಾರವಾದಿಯಲ್ಲ. ನಾನು ತೋಳಿಲ್ಲದ ಕುರ್ತಾ ಹಾಕಿದರೆ ಮುಖ ಸಿಂಡರಿಸುತ್ತಿದ್ದರು, ಅದಕ್ಕೆ ನಾವಿಬ್ಬರೂ ಎರಡು ದಿನ ಮಾತು ಬಿಟ್ಟದ್ದೂ ಇದೆ. ಮೊದಮೊದಲು ಆ ಡ್ಯಾನ್ಸರ್ ಹುಡುಗಿಯರನ್ನೇ ಬೈಯುತ್ತಿದ್ದರು, ಇವಕ್ಕೆ ಬೇರೆ ಕೆಲಸ ಸಿಗಲಿಲ್ಲವಾ ಅಂತ. ಫೋನಿನಲ್ಲಿ ಹೆಸರು ಕೇಳಿದ ದಿನದಿಂದ ಆ ಬೈಗುಳ ನಿಂತಿತು. ಆಮೇಲಿನ ಮಾತೇ ಬೇರೆ. ಬಟ್ಟೆ ಎಷ್ಟಾದರೂ ಇರಲಿ ಕಣೇ, ಮುಖ ಎಲ್ಲಿ ಹೋಯ್ತು, ಎನ್ನುತ್ತಿದ್ದರು. ಈ ಹುಡುಗಿಯ ಅಮ್ಮ ಈ ವೀಡಿಯೋ ನೋಡಿದರೆ ಮಗಳನ್ನು ಎಲ್ಲಿ ಹುಡುಕಬೇಕು, ಎನ್ನುತ್ತಿದ್ದರು. ಕ್ಯಾಮೆರಾ ಪಾದದಿಂದ ಶುರುವಾಗಿ ಮೇಲೆ ಹತ್ತುತ್ತ ಬಂದು ಕುತ್ತಿಗೆಯ ಹತ್ತಿರ ಕಟ್ ಆಗಿಬಿಡುತ್ತಿತ್ತು. ಮೇಡಂ ಅಲ್ಲಿ ನಿಲ್ಲಿಸಿ, "ಇನ್ನೊಂದ್ ಗೇಣು ಎತ್ತಿದ್ರೆ ನಿನ್ ಗಂಟು ಹೋಗ್ತಿತ್ತೇನೋ" ಎಂದು ಪರದೆಗೆ ಬೈಯುತ್ತಿದ್ದರು.

ನಿರ್ದೇಶಕನೊಬ್ಬನಿದ್ದ. ಇನ್ನೂ ಮೂವತ್ತರ ಆಸುಪಾಸು. ಹಲವು ಹಾಡು ಕೊಟ್ಟದ್ದು ಅವನೇ. ಕೆಟ್ಟವನು ಎಂದು ಹೇಳಿಬಿಟ್ಟರೆ ನನಗೆ ಸುಲಭವಾಗುತ್ತಿತ್ತು, ಆದರೆ ಕೆಟ್ಟವನಲ್ಲ. ಬರುವಾಗಲೆಲ್ಲ ಖಾರಾಬನ್ ತರುತ್ತಿದ್ದ, ಮೇಡಂ ಕಾಲಿಗೆ ನಮಸ್ಕಾರ ಮಾಡುತ್ತಿದ್ದ, ಅವನ ತಂಗಿ ಎಂ.ಕಾಂ. ಓದುತ್ತಿರುವುದನ್ನು ಹೆಮ್ಮೆಯಿಂದ ಹೇಳುತ್ತಿದ್ದ. ಅವನ ಹಾಡುಗಳಲ್ಲಿ ಮಾತ್ರ ಹುಡುಗಿ ಮೋಸಗಾತಿ, ದುಡ್ಡಿನ ಹಿಂದೆ ಬಿದ್ದವಳು, ಬೈಸಿಕೊಳ್ಳಬೇಕಾದವಳು. ಮೇಡಂ ಒಂದು ಸಲ ಕೇಳಿಯೇಬಿಟ್ಟರು, ಸಾರ್, ನಾಲ್ಕು ನಿಮಿಷ ಅವಳಿಗೆ ಬೈತಾನಲ್ಲ ಈ ಹುಡುಗ, ಅವಳದೊಂದು ಉತ್ತರ ಬೇಡವಾ, ಕೊನೇಪಕ್ಷ ಕೇಳಿಸಿಕೊಳ್ತಾ ಇರೋ ಮುಖವಾದ್ರೂ ಬೇಡವಾ ಅಂತ. ಅವನು ನಕ್ಕು, "ಮೇಡಂ, ಇದು ಮದುವೆ ಅಲ್ಲ" ಎಂದ. ಓನರು ನಕ್ಕರು. ನಾನೂ ನಕ್ಕೆ. ಜನ ಕೇಳುವುದು ಇದನ್ನೇ ಎಂದು ಅವನು ಸಮಾಧಾನದಿಂದ ವಿವರಿಸಿದ. ನಾನು ಜನ ಅಲ್ವಾ ಹಾಗಾದ್ರೆ, ಎಂದು ಮೇಡಂ ಕೇಳಿದರು. ಅದಕ್ಕೂ ನಕ್ಕೆವು.

ಆ ವರ್ಷ ಗಣೇಶನ ಹಬ್ಬದಲ್ಲಿ ಅವರ ಬೀದಿಯ ಪೆಂಡಾಲಿನಲ್ಲಿ ಮಕ್ಕಳ ಡ್ಯಾನ್ಸ್ ಇತ್ತಂತೆ. ಒಂದನೇ ಕ್ಲಾಸಿನ ಹುಡುಗಿ, ಲಿಪ್‌ಸ್ಟಿಕ್ ಹಾಕಿಕೊಂಡು ಬಂದು, ನಮ್ಮಲ್ಲೇ ಎಡಿಟ್ ಆಗಿದ್ದ ಹಾಡಿಗೆ ಕುಣಿಯಿತಂತೆ. ಸೊಂಟದ ಮೇಲೆ ಕೈಯಿಟ್ಟು, ಬೆನ್ನು ತಿರುಗಿಸಿ, ಮುಖವನ್ನು ಜನಕ್ಕೆ ತೋರಿಸದೆ. ತಾಯಂದಿರೆಲ್ಲ ಚಪ್ಪಾಳೆ. ಮರುದಿನ ಮೇಡಂ ಸ್ವೆಟರ್ ಕೂಡ ಹಾಕಿಕೊಳ್ಳದೆ ಕೂತಿದ್ದರು. ಆ ಮಗು ಅಷ್ಟು ಹೊತ್ತು ಬೆನ್ನು ಹಾಕಿ ಕುಣಿದದ್ದು ಯಾಕೆ ಗೊತ್ತಾ, ನಾನು ಅಲ್ಲಿ ಹಾಗೆ ಕಟ್ ಮಾಡಿದ್ದೆ, ಎಂದರು. ಕೆಲಸ ಬಿಟ್ಟುಬಿಡಿ ಹಾಗಾದರೆ ಎಂದು ನಾನು ಸಿಡುಕಿದೆ. ಬಿಟ್ಟರೆ ನೀನು ಮಾಡ್ತೀಯಲ್ಲ, ಎಂದರು.

ನಾನು ಹೇಳಹೊರಟ ಸಂಗತಿಯ ಡ್ಯಾನ್ಸರ್ ಹುಡುಗಿ ಬಂದದ್ದು ಅದರ ಮುಂದಿನ ವರ್ಷ, ಆಷಾಢದಲ್ಲಿ. ಗದಗದ ಕಡೆಯವಳು. ಕೆಂಗೇರಿಯಲ್ಲಿ ಮೂವರು ಗೆಳತಿಯರ ಜೊತೆ ರೂಮು ಮಾಡಿಕೊಂಡು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಡ್ಯಾನ್ಸ್ ಎಂದರೆ ಪ್ರಾಣ, ರಜೆ ಹಾಕಿ ಶೂಟಿಂಗಿಗೆ ಹೋಗುತ್ತಿದ್ದಳು. ಆ ನಿರ್ದೇಶಕನ ಹೊಸ ಹಾಡಿನಲ್ಲಿ ಅವಳೇ ಮುಖ್ಯ ಹುಡುಗಿ. ಎಂದಿನಂತೆ ಈ ಹಾಡಿಗೂ ಹೆಸರು ಕೇಳಲು ಮೇಡಂ ಅವಳಿಗೆ ಫೋನ್ ಮಾಡಿದ್ದರು, ಆ ನಂಬರು ಹಿಡಿದು ಮೆಟ್ರೋ ಹತ್ತಿ ಹುಡುಕಿಕೊಂಡು ಬಂದಿದ್ದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಕುರ್ಚಿಯ ತುದಿಯಲ್ಲಿ ಕೂತಳು.

ಹಾಡಿನ ಕೊನೆಯಲ್ಲಿ ಹುಡುಗ ಅವಳ ಮೇಲೆ ನೀರು ಎರಚುತ್ತಾನೆ. ಒಂದು ಚೊಂಬು ನೀರು ಎಂದು ಅವಳಿಗೆ ಹೇಳಿದ್ದರು. ಸುರಿದದ್ದು ಐಸ್ ಹಾಕಿದ ಒಂದು ಬಕೆಟ್ ನೀರು. ಬೆಚ್ಚಿಬಿದ್ದು ತಿರುಗಿದ ರಭಸಕ್ಕೆ ಭುಜದ ಮೇಲಿನ ಪಟ್ಟಿ ಕಿತ್ತು ಬಟ್ಟೆ ಜಾರಿತು. ಎರಡೂ ಕೈಯಲ್ಲಿ ಮುಚ್ಚಿಕೊಂಡು ಕ್ಯಾಮೆರಾ ಕಡೆ ನೋಡಿ ಬ್ಯಾಡ್ರಿ ಎಂದಳು. ಕ್ಯಾಮೆರಾ ನಿಲ್ಲಲಿಲ್ಲ. ಆ ಶಾಟನ್ನು ನಾವಿಬ್ಬರೂ ಆಗಲೇ ನೋಡಿದ್ದೆವು. ಧ್ವನಿ ಇಲ್ಲ, ಆದರೆ ತುಟಿ ನೋಡಿದರೆ ತಿಳಿಯುತ್ತದೆ. ಅಷ್ಟು ಶೂಟಿಂಗಿನಲ್ಲಿ ಅವಳ ಮುಖ ಪೂರ್ತಿಯಾಗಿ ಕಾಣುವುದು ಅದೊಂದರಲ್ಲೇ.

ಪಂಚಮಿಗೆ ಊರಿಗೆ ಹೋಗಬೇಕು, ಎಂದಳು. ಅಪ್ಪ ಬಸ್ ಸ್ಟ್ಯಾಂಡಿಗೆ ಬಂದು ಕರಕೊಂಡು ಹೋಗ್ತಾರೆ, ತಮ್ಮ ಪಿಯುಸಿ ಓದ್ತಾನೆ, ಅವನ ಗೆಳೆಯರೆಲ್ಲ ಇಂಥ ಹಾಡೇ ನೋಡ್ತಾರೆ. ಕುಣಿದದ್ದಕ್ಕೆ ಅವಳಿಗೆ ನಾಚಿಕೆ ಇರಲಿಲ್ಲ, ಅದನ್ನು ಎರಡು ಸಲ ಹೇಳಿದಳು. "ಕುಣದದ್ದೆಲ್ಲಾ ಇರ್ಲಿರಿ ಮೇಡಂ. ಅದೊಂದ್ ತಗೀರಿ. ಅದು ಕುಣತ ಅಲ್ರಿ." ಮೇಡಂ ಅವಳ ಎದುರೇ ಆ ಶಾಟನ್ನು ಹಾಡಿನಿಂದ ಎತ್ತಿದರು. ತಲೆಯ ಮೇಲೆ ಕೈಯಿಟ್ಟು, ಹೋಗಿ ಬಾ, ಅದು ಇನ್ನು ಯಾರಿಗೂ ಕಾಣಲ್ಲ, ಎಂದು ಮಾತು ಕೊಟ್ಟರು. ಹುಡುಗಿ ಅತ್ತಳು. ಕೆಳಗಿನ ಬೇಕರಿಯಿಂದ ಟೀ ತರಿಸಿ ಕುಡಿಸಿ ಕಳಿಸಿದೆವು.

ಮೇಡಂ ಶಾಟನ್ನು ಎತ್ತಿದರು, ಅಳಿಸಲಿಲ್ಲ. ಮೂವತ್ತು ವರ್ಷದ ಕೈ ಅದು, ಅಭ್ಯಾಸದಂತೆ 'ಪಕ್ಕಕ್ಕೆ' ಫೋಲ್ಡರಿಗೆ ಹಾಕಿತು. ಶೂಟಿಂಗಿನವರು ಕ್ಯಾಮೆರಾದ ಕಾರ್ಡಿನಲ್ಲಿದ್ದದ್ದನ್ನು ಅಳಿಸಿ ಅದನ್ನು ಇನ್ನೊಂದು ಶೂಟಿಂಗಿಗೆ ಒಯ್ದಿದ್ದರು. ಇಡೀ ಪ್ರಪಂಚದಲ್ಲಿ ಆ ಶಾಟ್ ಇದ್ದದ್ದು ನಮ್ಮ ಅಡುಗೆಮನೆ ಕಟ್ಟೆಯ ಮೇಲಿನ ಒಂದು ಡಿಸ್ಕಿನಲ್ಲಿ ಮಾತ್ರ. ಅಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಎರಡು ದಿನದ ಮೇಲೆ ನಿರ್ದೇಶಕ ಬಂದ. ಮೇಡಂ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಹಾಡು ನೋಡಿ, ಆ ನೀರಿನ ಶಾಟ್ ಎಲ್ಲಿ, ಒರಿಜಿನಲ್ ಎಕ್ಸ್‌ಪ್ರೆಶನ್ ಅದು, ಅಂಥದ್ದು ಕೇಳಿದರೆ ಬರಲ್ಲ, ಎಂದ. ಫೋಕಸ್ ಹೋಗಿತ್ತು ಅನ್ನಬಹುದಿತ್ತು. ಫೈಲ್ ಕರಪ್ಟ್ ಆಗಿದೆ ಅನ್ನಬಹುದಿತ್ತು, ಇಂಥ ಸುಳ್ಳನ್ನು ನಾವು ವಾರಕ್ಕೆರಡು ಹೇಳುತ್ತೇವೆ. ನನಗೆ ಯಾರ ಹೆದರಿಕೆಯೂ ಇರಲಿಲ್ಲ. ಮುಂದಿನ ಹಾಡನ್ನು ನೀವೇ ಪೂರ್ತಿ ಎಡಿಟ್ ಮಾಡಿ, ನಿಮ್ಮ ಹೆಸರೇ ಹಾಕೋಣ, ಎಂದು ಅವನು ಹಿಂದಿನ ವಾರ ಹೇಳಿದ್ದ. ಆರು ವರ್ಷ ಇನ್ನೊಬ್ಬರ ಪಕ್ಕದಲ್ಲಿ ಕೂತು ಶಾಟ್ ವಿಂಗಡಿಸಿದವಳಿಗೆ ಅದು ಎಷ್ಟು ದೊಡ್ಡದು ಎಂದು ಯಾರಿಗೆ ಹೇಳಲಿ.

"ಇದೆ ಸಾರ್" ಎಂದೆ.

ಫೋಲ್ಡರ್ ತೆಗೆದು, ಶಾಟನ್ನು ಇದ್ದ ಜಾಗಕ್ಕೆ ಹಾಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಆನ್‌ಲೈನ್‌ನಲ್ಲಿ ಹಾಡು ಶುರುವಾಗುವ ಮೊದಲು ಕಾಣುವ ಚಿತ್ರಕ್ಕೆ ಯಾವ ಫ್ರೇಮ್ ಒಳ್ಳೆಯದು ಎಂದು ಅವನು ಕೇಳಿದ. ಅವಳು ಕ್ಯಾಮೆರಾ ಕಡೆ ನೋಡಿದ ಫ್ರೇಮಿನಲ್ಲಿ ನಾನೇ ನಿಲ್ಲಿಸಿ ತೋರಿಸಿದೆ. ನಾನೂ ಹೆಂಗಸೇ. ಇದನ್ನು ಯಾರೂ ನನಗೆ ನೆನಪು ಮಾಡಿಕೊಡಬೇಕಾಗಿಲ್ಲ.

ಹಾಡು ಆ ವಾರಾಂತ್ಯ ಬಿಡುಗಡೆಯಾಯಿತು. ಸೋಮವಾರ ಮೇಡಂ ಬಂದಾಗ ಅವರ ಕೈಯಲ್ಲಿ ಫೋನಿತ್ತು, ಅದರಲ್ಲಿ ಆ ಹಾಡು. ಡೈರೆಕ್ಟರ್ ಕೇಳಿದ್ರು ಎಂದು ನಾನು ಶುರು ಮಾಡಿದೆ. "ಕೇಳಿದ್ರು, ಸರಿ. ನೀನೇನಂದೆ?" ಎಂದರು. ಹೇಳಿದೆ. ಬೈಯುತ್ತಾರೆಂದು ಕಾದೆ. ಬೈದಿದ್ದರೆ ನಾನೂ ತಿರುಗಿ ಏನಾದರೂ ಹೇಳಿ ಹಗುರಾಗುತ್ತಿದ್ದೆ. ಅವರು ಕೂತು ಆ ಫೋಲ್ಡರನ್ನು ಅಳಿಸಿದರು, ಇನ್ನೇನು ಉಪಯೋಗವೋ ನನಗೆ ತಿಳಿಯದು. ಆಮೇಲೆ ನನ್ನ ಎದುರೇ ಆ ಹುಡುಗಿಗೆ ಫೋನ್ ಮಾಡಿದರು. "ನಾನು ಅಳಿಸ್ಬೇಕಿತ್ತು ಕಣಮ್ಮ, ಅಳಿಸ್ಲಿಲ್ಲ. ತಪ್ಪು ನಂದು" ಎಂದರು. ಅತ್ತ ಕಡೆಯಿಂದ ಬಂದದ್ದನ್ನೆಲ್ಲ ಕಿವಿಯಿಂದ ಫೋನ್ ಕದಲಿಸದೆ ಕೇಳಿದರು. ಆ ಹುಡುಗಿಯ ದನಿ ನನ್ನ ಕುರ್ಚಿಯವರೆಗೂ ಬರುತ್ತಿತ್ತು. ನನ್ನ ಹೆಸರನ್ನು ಅವರು ಎತ್ತಲಿಲ್ಲ. ಎತ್ತಿ ಎಂದು ನಾನೂ ಹೇಳಲಿಲ್ಲ.

ಆ ಪಂಚಮಿಗೆ ಬರಬೇಡ ಎಂದು ಅವಳ ಅಪ್ಪನೇ ಹೇಳಿ ಕಳಿಸಿದರಂತೆ. ತಮ್ಮ ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದ್ದನಂತೆ. ಮೇಡಂ ತಿಂಗಳೊಳಗೆ ಸ್ಟುಡಿಯೋ ಬಿಟ್ಟು, ಮನೆಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡು ಮದುವೆ ವೀಡಿಯೋಗೆ ಮರಳಿದರು. ಮುಂದಿನ ಹಾಡು ನಾನು ಎಡಿಟ್ ಮಾಡಿದೆ, ಹೆಸರು ಬಂತು. ಹಬ್ಬಕ್ಕೆ ಫೋನ್ ಮಾಡಿದರೆ ಮೇಡಂ ಚೆನ್ನಾಗಿಯೇ ಮಾತಾಡುತ್ತಿದ್ದರು. ಅದೊಂದು ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ನಾಲ್ಕು ವರ್ಷ ಹೀಗೇ ಹೋಯಿತು. ಈಗ ಅವರೇ ಇಲ್ಲ.

ಮೇಡಮ್ಮಿನ ಹನ್ನೊಂದನೇ ದಿನದ ಕಾರ್ಯ ಕಳೆದ ಮೇಲೆ ಆ ಹುಡುಗಿಯ ನಂಬರು ಹುಡುಕಿ ಫೋನ್ ಮಾಡಿದೆ. ಈಗ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದಾಳೆ, ಡ್ಯಾನ್ಸ್ ಬಿಟ್ಟಿದ್ದಾಳೆ, ಊರಿಗೆ ಇನ್ನೂ ಹೋಗಿಲ್ಲ. ಮೇಡಂ ತೀರಿಕೊಂಡರು ಎಂದೆ. "ನನಗ ಮಾತ ಕೊಟ್ಟು ಮುರದ್ರು ಅವ್ರು. ಭಾಳ ಬೈದಿದ್ದೆ ಅವತ್ತ. ಪಾಪ" ಎಂದಳು. ನಾನು ಬಾಯಿಪಾಠ ಮಾಡಿಕೊಂಡಿದ್ದನ್ನು ಹೇಳಿದೆ. ಅವರಲ್ಲ ಹಾಕಿದ್ದು, ನಾನು. ಚಿತ್ರಕ್ಕೆ ಆ ಫ್ರೇಮ್ ಆರಿಸಿದ್ದೂ ನಾನೇ. ಅವರು ನನ್ನನ್ನು ಬಿಟ್ಟುಕೊಡಲಿಲ್ಲ ಅಷ್ಟೇ. ಬೈಯಲಿ, ಅಳಲಿ, ಫೋನ್ ಕುಕ್ಕಲಿ ಎಂದು ಕಾದೆ. ಹಿಂದುಗಡೆ ಯಾರೋ ಟೋಕನ್ ನಂಬರು ಕೂಗುತ್ತಿದ್ದರು.

"ಯಾರ ಹಾಕಿದ್ರೇನ್ರಿ ಅಕ್ಕಾ. ಅದು ಇನ್ನೂ ಐತಲ್ರಿ" ಎಂದಳು. "ಈಗರೆ ತಗಸಾಕ ಬರ್ತೈತೇನ್ರಿ?"

ಕ್ಷಮೆ ಕೇಳಲು ಏನೇನು ಹೇಳಬೇಕೆಂದು ಎರಡು ದಿನ ಯೋಚಿಸಿದ್ದೆ. ಈ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ. ಕೇಳಿ ಹೇಳ್ತೀನಿ ಎಂದೆ. ಮರುದಿನ ನಿರ್ದೇಶಕನಿಗೆ ಫೋನ್ ಮಾಡಿದೆ. ಮೇಡಂ ಹೋದದ್ದಕ್ಕೆ ನಿಜವಾಗಿಯೂ ಮರುಗಿದ, ದೇವರಂಥ ಹೆಂಗಸು ಎಂದ. ವಿಷಯ ಹೇಳಿದ ಮೇಲೆ ಅವನಿಗೆ ಆಶ್ಚರ್ಯ. ಅದನ್ನ ತೆಗೆದ್ರೆ ಹಾಡಲ್ಲಿ ಇನ್ನೇನಿದೆ ಹೇಳಿ, ಅದರಿಂದಾನೇ ತಾನೇ ಅದು ಓಡಿದ್ದು, ಎಂದ. ನಮ್ಮಲ್ಲಿ ತೆಗೆದರೂ ಸಾವಿರ ಕಡೆ ಇದೆ, ಯಾರ್ಯಾರೋ ಕತ್ತರಿಸಿ ಅದೊಂದನ್ನೇ ಹಾಕ್ಕೊಂಡಿದಾರೆ, ಎಂದ. ಅದು ನಿಜ. ನಾನು ನೋಡಿದೆ, ಹೌದು, ಇದೆ.

ಹುಡುಗಿ ಆಮೇಲೆ ಎರಡು ಸಲ ಫೋನ್ ಮಾಡಿದ್ದಾಳೆ. ನಾನು ಎತ್ತಿಲ್ಲ.